ಮಹಾತ್ಮ ಗಾಂಧಿ ರಸ್ತೆಯ ಕಾಫಿ

ಸೊಲ್ಲಾಪುರ, ಅಕ್ಕಲಕೋಟೆಗಳ ನಮಗೆ ಬೆಂಗಳೂರೆಂದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಪಯಣ, ಅನಂತರ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್. ಖಡಕ್ ಚಹಾಕ್ಕೆ ಒಗ್ಗಿದ ನಾಲಗೆಗೆ ಆ ಕಾಫಿ ಮೊದಮೊದಲು ಕಹಿಯೇ ಎನಿಸಿತ್ತು.

1957ರಲ್ಲಿ ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರೇ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘಗಳನ್ನು ಕಟ್ಟಿ ಅವುಗಳನ್ನು ಉಳಿಸಿಕೊಂಡರು. ಬಿಳಿ ರುಮಾಲಿನ ಮಾಣಿಯೊಬ್ಬರು ಈ ಸಂಗತಿಯನ್ನು ಹೇಳಿದಾಗ, ಗಿರಣಿ ಮುಚ್ಚಿ ಮನೆ ಸೇರಿದ್ದ ನಮ್ಮ ತಂದೆಯವರು ಬಟ್ಟಲನ್ನು ಕೆಳಗಿಟ್ಟು, ‘ಇದು ನಮಗ್ಯಾಕ ಹೊಳೀಲಿಲ್ಲ?’ ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

2009ರ ಏಪ್ರಿಲ್‌ನಲ್ಲಿ ಆ ಬಾಗಿಲೂ ಮುಚ್ಚಿತು. ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ ಹೋಯಿತು. ತಂದೆಯವರು ತೀರಿಕೊಂಡ ಮೇಲೆ ನಾವು ಅಲ್ಲಿಗೂ ಒಮ್ಮೆ ಹೋಗಿ ಬಂದೆವು. ಕಾಫಿ ಅದೇ.