ಟಿಕೆಟ್ ಅಗ್ಗ ಅದ, ಆದ್ರ ಇಳಿಯೋದು ಎಲ್ಲಿ?

ಕುಸನೂರದವರಿಗೆ ವಿಮಾನ ನಿಲ್ದಾಣದ ಲೆಕ್ಕ ಹೊಸದಲ್ಲ. 2019ರ ನವೆಂಬರ್‌ನಲ್ಲಿ ಕಲಬುರಗಿಗೂ ನಿಲ್ದಾಣ ಬಂತು. ಆದರೂ ವಿದೇಶಕ್ಕೆ ಹೊರಟರೆ ನಮಗೆ ಹೈದರಾಬಾದೇ ಅನುಕೂಲ. ಬೆಂಗಳೂರು ರಾಜಧಾನಿ ಖರೆ, ದೂರ ಎರಡು ಪಟ್ಟಿಗಿಂತ ಹೆಚ್ಚು. ಹತ್ತುವಾಗ ಇಷ್ಟೆಲ್ಲ ಯೋಚಿಸುವ ನಾವು, ಇಳಿಯುವ ಜಾಗಕ್ಕೆ ಮಾತ್ರ ಟಿಕೆಟ್ ದರ ಒಂದನ್ನೇ ನೋಡ್ತೀವಿ.

ಅಪ್ಪ–ಅವ್ವನ ಮೊದಲ ವಿದೇಶ ಪ್ರವಾಸಕ್ಕೆ ಥಾಯ್ಲೆಂಡ್ ಆರಿಸಿದಾಗ ಇದು ಹೊಳೆಯಿತು. ಬ್ಯಾಂಕಾಕ್‌ಗೆ ಎರಡು ನಿಲ್ದಾಣ. ಉತ್ತರಕ್ಕೆ ಹಳೆಯ ಡಾನ್ ಮುವಾಂಗ್. ಅಗ್ಗದ ವಿಮಾನಗಳು ಹೆಚ್ಚಾಗಿ ಅಲ್ಲಿಗೇ ಬರ್ತಾವ. ಪೂರ್ವಕ್ಕೆ 2006ರಲ್ಲಿ ಶುರುವಾದ ಸುವರ್ಣಭೂಮಿ. ನಮ್ಮ ಮೊದಲ ರಾತ್ರಿ ಪಟ್ಟಾಯದಲ್ಲಿ. ಸುವರ್ಣಭೂಮಿಯಿಂದ ಅಲ್ಲಿಗೆ ನೇರ ಬಸ್ಸಿದೆ. ಡಾನ್ ಮುವಾಂಗ್‌ನಲ್ಲಿ ಇಳಿದರೆ ಬ್ಯಾಂಕಾಕ್‌ನ ಟ್ರಾಫಿಕ್ ದಾಟಬೇಕು. ಅವ್ವನಿಗೆ ಮೊಣಕಾಲು ನೋವು. “ರೊಕ್ಕ ಉಳೀತದ ಖರೆ, ಕಾಲು ನಂದಲ್ಲೇನು?” ಅಂದಳು. ಸುವರ್ಣಭೂಮಿಗೇ ಬುಕ್ ಮಾಡಿದೆ.

ಹಂಗಂತ ಅದೇ ಎಲ್ಲರಿಗೂ ಸರಿ ಅಂತಲ್ಲ. ಮುಂದಿನ ವಿಮಾನ ಡಾನ್ ಮುವಾಂಗ್‌ನಿಂದಲೇ ಇದ್ದರೆ ಅಲ್ಲೇ ಇಳಿಯೋದು ವಾಸಿ. ಲಗೇಜು ಹೊತ್ತು ನಿಲ್ದಾಣ ಬದಲಿಸೋದು ತಪ್ಪುತ್ತದೆ. ಟೋಕಿಯೊದಲ್ಲೂ ಹೀಗೇ: ಹನೇಡಾ ನಗರದೊಳಗೇ ಇದೆ, ನರಿಟಾ ಅರವತ್ತು ಕಿ.ಮೀ. ಆಚೆ.

ಬುಕ್ ಮಾಡುವ ಮೊದಲು ಮೂರು ಸಂಗತಿ ನೋಡ್ರಿ: ಮೊದಲ ರಾತ್ರಿ ಎಲ್ಲಿ, ವಿಮಾನ ಇಳಿಯುವ ಹೊತ್ತಿಗೆ ರೈಲು–ಬಸ್ ಇರ್ತಾವೋ ಇಲ್ಲೋ, ಅಲ್ಲಿಂದ ಹೋಟೆಲಿಗೆ ಎಷ್ಟು ಖರ್ಚು. ಆ ಖರ್ಚನ್ನು ಟಿಕೆಟ್ ದರಕ್ಕೆ ಕೂಡಿಸಿ, ಆಮೇಲೆ ಯಾವುದು ಅಗ್ಗ ಅಂತ ಹೇಳ್ರಿ.