ಏಳನೇ ಕ್ಲಾಸಿನಿಂದ ತೊಟ್ಟಿಲಿಗೆ

ನಾನು ತಾಲ್ಲೂಕು ಆಸ್ಪತ್ರೆಗೆ ನೇತ್ರ ಸಹಾಯಕನಾಗಿ ಸೇರಿದಾಗ ಕಣ್ಣಿನ ಕೆಲಸವೆಂದರೆ ಮುದುಕರ ಪೊರೆ. ಡಾ. ಎಂ.ಸಿ. ಮೋದಿಯವರ ಪೊರೆ ತೆಗೆಯುವ ಶಿಬಿರಗಳ ಮಾತು ಊರೂರಲ್ಲೂ ಇತ್ತು. ಮಕ್ಕಳು ಬರುತ್ತಿದ್ದುದು ಕಣ್ಣು ಕೆಂಪಾದರೆ, ಇಲ್ಲವೇ ಚಿನ್ನಿದಾಂಡಿನ ಪೆಟ್ಟು ಬಿದ್ದರೆ.

1994ರಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ತಪಾಸಣೆ ಶುರುವಾಯಿತು. 10ರಿಂದ 14 ವರ್ಷದವರೇ ಗುರಿ. ಆರು ಮೀಟರ್ ಅಳೆದು ಗೋಡೆಗೆ ಚಾರ್ಟು ತೂಗುಹಾಕಿದರೆ, ಸಾಲಿನಲ್ಲಿ ನಿಂತ ಹುಡುಗರು ತಮ್ಮ ಸರದಿ ಬರುವಷ್ಟರಲ್ಲಿ ಅಕ್ಷರಗಳನ್ನು ಬಾಯಿಪಾಠ ಮಾಡಿರುತ್ತಿದ್ದರು. ಅದಕ್ಕೇ ಇಂಗ್ಲಿಷಿನ ‘ಇ’ ಕಾರ್ಡು ತಿರುಗಿಸುತ್ತ ಅದರ ಕಾಲು ಯಾವ ಕಡೆಗೆಂದು ಕೇಳುತ್ತಿದ್ದೆವು. ಬೆರಳ ಸಂದಿಯಿಂದ ಇಣುಕುವವರ ಕಣ್ಣಿಗೆ ಮೇಷ್ಟ್ರು ರಟ್ಟು ಹಿಡಿಯುತ್ತಿದ್ದರು.

ಕನ್ನಡಕ ಸಿಕ್ಕವರಿಗೆ ಬೋರ್ಡು ಕಂಡಿತು. ನನ್ನನ್ನು ಕಾಡಿದವರೇ ಬೇರೆ. ಅವರ ಒಂದು ಕಣ್ಣು ಕೊನೆಯ ಸಾಲನ್ನೂ ಓದುತ್ತಿತ್ತು. ಇನ್ನೊಂದಕ್ಕೆ ಯಾವ ಮಸೂರ ಇಟ್ಟರೂ ಮೇಲಿನ ದೊಡ್ಡ ಅಕ್ಷರವೂ ಕಾಣುತ್ತಿರಲಿಲ್ಲ. ಸೋಮಾರಿ ಕಣ್ಣು. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಇದನ್ನು ದುಡಿಸುವ ಚಿಕಿತ್ಸೆ ಏಳೆಂಟು ವರ್ಷದೊಳಗೆ ಫಲಿಸುವಷ್ಟು ಆಮೇಲೆ ಫಲಿಸದು. ನಮ್ಮ ತಪಾಸಣೆ ಶುರುವಾಗುತ್ತಿದ್ದುದೇ ಹತ್ತಕ್ಕೆ! ಸೋಮಾರಿ ಕಣ್ಣಿಗೆ ದಾರಿಯಾಗಬಲ್ಲ ಮೆಳ್ಳೆಗಣ್ಣಿನ ಕೂಸಿದ್ದರೆ, ‘ಅದೃಷ್ಟ ಬಿಡಪ್ಪಾ, ದೊಡ್ಡವನಾದ್ರೆ ಸರಿಹೋಗುತ್ತೆ’ ಎನ್ನುವ ಅಜ್ಜಿಯರು ಮನೆಮನೆಯಲ್ಲೂ ಇದ್ದರು.

ಚಿಕ್ಕವರನ್ನು ಪರೀಕ್ಷಿಸುವುದೂ ಸುಲಭವಿರಲಿಲ್ಲ. ಮೂರು ದಿನ ಅಟ್ರೋಪಿನ್ ಮುಲಾಮು ಹಾಕಿಸಿಕೊಂಡು ಬರಬೇಕು. ಪಾಪೆ ಹಿಗ್ಗಿ ಮಗು ಬಿಸಿಲಿಗೆ ಅತ್ತರೆ ತಾಯಿ ಹೆದರಿ ಮತ್ತೆ ಇತ್ತ ತಲೆಹಾಕುತ್ತಿರಲಿಲ್ಲ. ಸೈಕ್ಲೋಪೆಂಟೋಲೇಟ್ ಹನಿ ಬಂದಮೇಲೆ ಬಹಳ ಮಕ್ಕಳಿಗೆ ಒಂದೇ ಹೊತ್ತಿನಲ್ಲಿ ಕೆಲಸ ಮುಗಿಯತೊಡಗಿತು.

ಪರೀಕ್ಷೆಯ ವಯಸ್ಸೂ ಕೆಳಗಿಳಿಯಿತು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಹೊತ್ತು ಹೊರಟರು. ತಿಂಗಳು ತುಂಬದ ಕೂಸಿನ ಅಕ್ಷಿಪಟಲದ ರಕ್ತನಾಳ ಅಡ್ಡಾದಿಡ್ಡಿ ಬೆಳೆದರೆ ದೃಷ್ಟಿಯೇ ಹೋಗಬಹುದು. ಅದಕ್ಕೇ 34 ವಾರಕ್ಕೆ ಮುಂಚೆ ಹುಟ್ಟಿದ, ಇಲ್ಲವೇ ಎರಡು ಕಿಲೋಗಿಂತ ಕಡಿಮೆ ತೂಗುವ ಕೂಸಿನ ಕಣ್ಣನ್ನು 30 ದಿನದೊಳಗೆ ನೋಡಬೇಕು. 2013ರಿಂದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಕಾಲಿಟ್ಟವು.

ಈಗ ಕೇಳಿದವರಿಗೆ ಹೇಳುತ್ತೇನೆ: ಹುಟ್ಟಿದಾಗೊಮ್ಮೆ, ವರ್ಷ ತುಂಬುವುದರೊಳಗೊಮ್ಮೆ, ಶಾಲೆಗೆ ಸೇರಿಸುವ ಮುಂಚೆ ಮೂರು-ನಾಲ್ಕು ವರ್ಷಕ್ಕೊಮ್ಮೆ ತೋರಿಸಿ, ಆಮೇಲೆ ವರ್ಷವರ್ಷವೂ. ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ತಡಮಾಡದೆ ಓಡಿ. ‘ಮಗು ಏನೂ ಹೇಳಿಲ್ವಲ್ಲ ಸಾರ್’ ಎನ್ನುತ್ತಾರೆ. ಹುಟ್ಟಿನಿಂದ ಮಂಜಾಗಿಯೇ ಕಂಡವರಿಗೆ ಲೋಕವೇ ಹಾಗೆ. ಅವರು ಹೇಳಲಿ ಎಂದು ಕಾಯುವುದು ನ್ಯಾಯವಲ್ಲ.