ಯಾರೂ ಕರೆಯದ ಫಂಕ್ಷನ್

ಅವರೇಕಾಯಿ ಕಾಲ. ಕೊರಟಗೆರೆ ತಾಲ್ಲೂಕಿನ ನಮ್ಮೂರಿನ ಮನೆ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಆಫೀಸಿನ ಹುಡುಗಿಯೊಬ್ಬಳ ಜೊತೆ ಫೋನಿನಲ್ಲಿ ಮಾತಾಡ್ತಿದ್ದೆ. "ಈ ಫಂಕ್ಷನ್ನ ಯಾರೂ ಕರೀತಾನೇ ಇಲ್ಲಮ್ಮ, ತೆಗೆದುಬಿಡೋಣ" ಅಂದೆ. ಪಕ್ಕದಲ್ಲಿ ಕಾಯಿ ಸುಲೀತಿದ್ದ ಅಮ್ಮ ತಲೆಯೆತ್ತಿ, "ಯಾರ ಮನೆ ಫಂಕ್ಷನ್ನಪ್ಪಾ? ಯಾಕ್ ಕರೀಲಿಲ್ವಂತೆ?" ಅಂದಳು.

ನಕ್ಕು ಸುಮ್ಮನಾದೆ. ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ ಅಂತ ಗೊತ್ತಾಗಿದ್ದು ಮಾರ್ಚ್ 31ರ ರಾತ್ರಿ.

ನನ್ನ ಕೈಗೆ ಬಂದಿದ್ದು ಸಿ ಭಾಷೆಯಲ್ಲಿ ಬರೆದ ಹಳೇ ಲೆಕ್ಕಪತ್ರದ ಪ್ರೋಗ್ರಾಂ. ಬರೆದವರೆಲ್ಲ ಕೆಲಸ ಬಿಟ್ಟು ಹೋಗಿದ್ದರು. ಇಂಥದ್ದನ್ನು ಅರ್ಥ ಮಾಡಿಕೊಳ್ಳಲು ಮೊದಲು ಕಾಲ್ ಗ್ರಾಫ್ ತೆಗೆಸ್ತೀವಿ. ಒಂದೊಂದು ಫಂಕ್ಷನ್ನೂ ಒಂದೊಂದು ಚುಕ್ಕಿ. ಒಂದು ಇನ್ನೊಂದನ್ನು ಕೆಲಸಕ್ಕೆ ಕರೆದರೆ ಅಲ್ಲಿಂದ ಇಲ್ಲಿಗೊಂದು ಬಾಣ. ಪ್ರೋಗ್ರಾಂ ಓಡಿಸದೆ, ಬರೆದಿದ್ದನ್ನು ಓದಿಯೇ ಹೀಗೆ ಲೆಕ್ಕ ಹಾಕೋದಕ್ಕೆ ಸ್ಟಾಟಿಕ್ ಅನಾಲಿಸಿಸ್ ಅಂತಾರೆ. ನಾನು ಬಳಸಿದ್ದು ಜಿಎನ್‌ಯು ಸಿಫ್ಲೋ ಅನ್ನೋ ಪುಕ್ಕಟೆ ಟೂಲ್. ಮೇನ್‌ನಿಂದ ಶುರು ಮಾಡಿ ಯಾರು ಯಾರನ್ನು ಕರೀತಾರೆ ಅಂತ ವಂಶವೃಕ್ಷದ ಹಾಗೆ ಇಳಿಸಿ ತೋರಿಸುತ್ತೆ. ಮೈನಸ್ ಆರ್ ಸೇರಿಸಿದರೆ ಉಲ್ಟಾ: ಈ ಫಂಕ್ಷನ್ನನ್ನು ಕರೆಯೋರು ಯಾರ್ ಯಾರು ಅಂತ. ಯಾರೂ ಇಲ್ಲ ಅಂದ್ರೆ ಅದು ಡೆಡ್ ಕೋಡ್, ಸತ್ತ ಕೋಡು.

ಹಾಗೆ ಸತ್ತವು ಅಂತ ಸಿಕ್ಕಿದ್ದರಲ್ಲಿ ಒಂದು, ಹಳೇ ವರ್ಷದ ಬಾಕಿಯನ್ನು ಹೊಸ ವರ್ಷಕ್ಕೆ ಒಯ್ಯುವ ಫಂಕ್ಷನ್. ಆ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ, "ಸರ್, ಹೆಸರು ನೋಡಿದ್ರೆ ಬೇಕಾಗಿರೋದು ಅನ್ಸುತ್ತೆ. ಒಂದ್ಸಲ ಯಾರನ್ನಾದ್ರೂ ಕೇಳೋಣ್ವಾ?" ಅಂದಳು. ನಾನು ಗ್ರಾಫ್ ತೋರಿಸಿದೆ. "ಒಂದಾದ್ರೂ ಬಾಣ ಇದೆಯಾ ನೋಡು" ಅಂದೆ. ಮೂರು ತಿಂಗಳ ಲಾಗಿನಲ್ಲೂ ಅದು ಓಡಿದ ಗುರುತಿರಲಿಲ್ಲ. ಅಳಿಸಿದೆ. ಕಂಪೈಲ್ ಆಯ್ತು, ಟೆಸ್ಟುಗಳೆಲ್ಲ ಪಾಸ್.

ಮಾರ್ಚ್ 31 ಕಳೆದು ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಹೊಸ ವರ್ಷದ ಪುಸ್ತಕಗಳೆಲ್ಲ ಸೊನ್ನೆಯಿಂದ ಶುರುವಾಗಿದ್ದವು. ಹುಡುಕಿದರೆ, ಕಾನ್ಫಿಗ್ ಫೈಲೊಂದರಲ್ಲಿ ಆ ಫಂಕ್ಷನ್ನಿನ ಹೆಸರನ್ನು ಬರೀ ಅಕ್ಷರವಾಗಿ ಬರೆದಿಟ್ಟಿದ್ದರು. ಪ್ರೋಗ್ರಾಂ ಓಡುವಾಗ ಡಿಎಲ್‌ಸಿಮ್ ಅನ್ನೋ ಸೌಲಭ್ಯದಿಂದ ಆ ಹೆಸರು ಹುಡುಕಿ ಕರೆಯುತ್ತಿತ್ತು, ಅದೂ ವರ್ಷಕ್ಕೊಂದೇ ಸಲ. ಸಿಕ್ಕದಿದ್ದಾಗ ಲಾಗಿನಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿತ್ತು. ಅಳಿಸಿದ್ದನ್ನು ವಾಪಸ್ ತಂದು ಮತ್ತೆ ಓಡಿಸೋ ಹೊತ್ತಿಗೆ ಬೆಳಕು ಹರಿದಿತ್ತು. ತಪ್ಪು ನನ್ನದು, ಆ ಹುಡುಗಿ ಮೊದಲೇ ಹೇಳಿದ್ದಳು ಅಂತ ಎಲ್ಲರಿಗೂ ಮೇಲ್ ಬರೆದೆ.

ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಅಂದ್ರೆ ಪಾವಗಡ ಬಿಟ್ಟೆ ಅನ್ನು" ಅಂದ.

ಅದು ನಮ್ಮ ಮನೇಲಿ ಎಲ್ಲರಿಗೂ ಗೊತ್ತಿರೋ ಮಾತು. ತಂಗಿ ಮದುವೆಗೆ ಕರೆಯೋರ ಪಟ್ಟಿ ಮಾಡಿದ್ದು ನಾನು. ಹಳೇ ಮುಯ್ಯಿ ಪುಸ್ತಕಗಳನ್ನೆಲ್ಲ ಎಕ್ಸೆಲ್‌ಗೆ ಇಳಿಸಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಅಂತ ನಾಲ್ಕು ಶೀಟ್ ಮಾಡಿದ್ದೆ. ಅಪ್ಪನ ಅಕ್ಕ, ಪಾವಗಡದ ಅತ್ತೆ, ಅದರಲ್ಲಿರಲಿಲ್ಲ. ಮನೆಮಗಳು ತರೋ ಉಡುಗೊರೆಯನ್ನ ಮುಯ್ಯಿ ಪುಸ್ತಕದಲ್ಲಿ ಯಾರು ಬರೀತಾರೆ? ಪಟ್ಟೀಲಿದೆ ಅಂತ ಅಪ್ಪ, ಅಪ್ಪ ಕರೆದಿರ್ತಾನೆ ಅಂತ ನಾನು. ಚಪ್ಪರದ ದಿನ ಹಿರಿಯರೊಬ್ಬರು "ಸೋದರತ್ತೆ ಬರ್ಲಿ" ಅಂತ ಕೂಗಿದರು. ಹೆಸರು ಹಿಡಿದು ಕೂಗಲಿಲ್ಲ. ಶಾಸ್ತ್ರಕ್ಕೆ ಬೇಕಿದ್ದು ಸೋದರತ್ತೆ, ಅವರು ಯಾರೋ ಅವರೇ ಎದ್ದು ಬರಬೇಕು. ಯಾರೂ ಏಳಲಿಲ್ಲ.

ಆ ರಾತ್ರಿಯೇ ಅಪ್ಪ, ನಾನು ಅರಿಶಿನ ಕುಂಕುಮ ಹಿಡ್ಕೊಂಡು ಕಾರಿನಲ್ಲಿ ಹೊರಟೆವು. ಭೂಪಟ ನೋಡಿ, ಪಾವಗಡ ತುಮಕೂರು ಜಿಲ್ಲೆಯದೇ ತಾಲ್ಲೂಕು, ಆದರೆ ಜಿಲ್ಲೆಗೆ ಅಂಟಿಕೊಂಡಿಲ್ಲ. ಮಧುಗಿರಿ ದಾಟಿದ ರಸ್ತೆ ನಡುವೆ ಆಂಧ್ರದ ನೆಲಕ್ಕೆ ಹೋಗಿ ಮತ್ತೆ ಕರ್ನಾಟಕಕ್ಕೆ ಬರುತ್ತೆ. ನಮ್ಮ ಜಿಲ್ಲೆ ಗಡಿಯೊಳಗೇ ದಾರಿ ಹುಡುಕೋನಿಗೆ ಪಾವಗಡಕ್ಕೆ ದಾರಿಯೇ ಸಿಗಲ್ಲ. ದಿನಾ ಬಸ್ಸು ಓಡಾಡ್ತಾವೆ, ಆ ಮಾತು ಬೇರೆ.

ಬಾಗಿಲು ತೆಗೆದ ಅತ್ತೆ ಅಪ್ಪನನ್ನೇ ನೋಡುತ್ತಾ, "ಕರ್ಯಕ್ ಬಂದ್ಯೋ, ಕರ್ಕೊಂಡೋಗಕ್ ಬಂದ್ಯೋ?" ಅಂದರು. ಅಪ್ಪ ತಲೆ ತಗ್ಗಿಸಿದ. "ಅಪ್ಪಂದಲ್ಲ ಅತ್ತೆ, ಪಟ್ಟಿ ನಂದು" ಅಂದೆ. ಅವರು ಮಾತಾಡದೆ ಒಳಗೆ ಹೋಗಿ, ತಂಗಿಗೆ ಅಂತ ತಿಂಗಳ ಹಿಂದೆಯೇ ತಂದಿಟ್ಟಿದ್ದ ಸೀರೆ ಬ್ಯಾಗಿಗೆ ಹಾಕ್ಕೊಂಡು ಬಂದರು.

ಅಪ್ಪ ಹೇಳಿದ್ದು ಸರಿ. ಟೂಲ್ ಸುಳ್ಳು ಹೇಳಿರಲಿಲ್ಲ. ತನಗೆ ಕೊಟ್ಟ ಕಡತಗಳನ್ನು ಓದಿ, ಅದರಲ್ಲಿದ್ದ ಬಾಣಗಳನ್ನು ತೋರಿಸಿತ್ತು. ಕ್ಯುಸಾರ್ಟ್‌ಗೆ ಹೋಲಿಕೆ ಮಾಡೋ ಫಂಕ್ಷನ್ ಕೊಡೋರು ನಾವು, ಅದನ್ನು ಕರೆಯೋದು ಲೈಬ್ರರಿ. ನಮ್ಮ ಕೋಡಷ್ಟೇ ಓದಿದರೆ ಆ ಬಾಣ ಕಾಣಲ್ಲ, ಅದು ಆಂಧ್ರದ ಮೇಲೆ ಹೋಗಿ ಬರುತ್ತೆ. ಬಾರ್ಬರಾ ರೈಡರ್ 1979ರಲ್ಲೇ ಕಾಲ್ ಗ್ರಾಫ್ ಕಟ್ಟೋ ಬಗ್ಗೆ ಪ್ರಬಂಧ ಬರೆದಾಗ ತಲೆ ಕೆಡಿಸಿಕೊಂಡಿದ್ದು ಇಂಥದ್ದಕ್ಕೇ, ಹೆಸರು ಹಿಡಿಯದೆ ಕರೆಯೋ ಕರೆಗಳಿಗೆ. ಎಲ್ಲ ಪ್ರೋಗ್ರಾಮಿಗೂ ತಪ್ಪಿಲ್ಲದ ಗ್ರಾಫ್ ಕೊಡೋ ಟೂಲ್ ಇರೋದು ಸಾಧ್ಯವೇ ಇಲ್ಲ. 1953ರ ರೈಸ್ ಪ್ರಮೇಯದಿಂದ ಬರೋ ಮಾತಿದು. ಬಿಇಯಲ್ಲಿ ಓದಿ ಪಾಸಾಗಿದ್ದೆ, ಅಷ್ಟೆ.

ಗ್ರಾಫ್ ಈಗಲೂ ತೆಗೆಸ್ತೀನಿ, ಅದಿಲ್ಲದೆ ಹಳೇ ಕೋಡಿನಲ್ಲಿ ದಾರಿ ಸಿಗಲ್ಲ. ಆದರೆ ಬಾಣ ಇಲ್ಲ ಅಂತ ಕಂಡರೆ, ಆ ಹೆಸರನ್ನ ಕಾನ್ಫಿಗ್ ಫೈಲುಗಳಲ್ಲೂ ಹುಡುಕ್ತೀನಿ. ಒಳಗೊಂದು ಲಾಗ್ ಸಾಲು ಹಾಕಿ, ಒಂದು ಮಾರ್ಚ್ 31 ಕಳೆಯೋವರೆಗೂ ಕಾಯ್ತೀನಿ. ಅಷ್ಟಾದ ಮೇಲೂ ಅಳಿಸೋಕೆ ಹೋದರೆ ಆ ಹುಡುಗಿ ಪಕ್ಕದ ಕುರ್ಚಿಯಿಂದ ಕೇಳ್ತಾಳೆ: "ಸರ್, ಪಾವಗಡ ನೋಡಿದ್ರಾ?"